ಮಾಳಿಗೆ ಸೋರಿದರೆ ಬೀಜದ ಗತಿ



ಮಲೆನಾಡಿನ ನಮಗೆ ಮನೆಯೆಂದರೆ ಇಳಿಜಾರಾದ ಹಂಚಿನ ಮಾಡು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳೆಯ ಮನೆಗಳಲ್ಲಿ ಮಟ್ಟಸವಾದ ಮಣ್ಣಿನ ಮಾಳಿಗೆಯೇ ಹೆಚ್ಚು. ತೊಲೆ, ಜಂತೆಗಳ ಮೇಲೆ ಕಟ್ಟಿಗೆ ಹಾಸಿ, ದಪ್ಪನಾಗಿ ಮಣ್ಣು ಹರಡುತ್ತಾರೆ. ಇದಕ್ಕೆ ಒಣನಾಡಿನವರು ಹುಡುಕುವುದು ಸವಳು ಮಣ್ಣನ್ನು. ಹೊಲಕ್ಕೆ ಶಾಪವಾದ ಸವಳು ಮಾಳಿಗೆಗೆ ವರ! ಅದರಲ್ಲಿನ ಸೋಡಿಯಂನಿಂದಾಗಿ ಜೇಡಿಯ ಕಣಗಳು ನೆನೆದೊಡನೆ ಚದುರಿ ರಂಧ್ರಗಳನ್ನು ಮುಚ್ಚುತ್ತವೆ. ಎರೆಮಣ್ಣಾದರೋ ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಮೃತ್ತಿಕಾಶಾಸ್ತ್ರದ ಪುಸ್ತಕಗಳಿಗಿಂತ ಮೊದಲೇ ರೈತರು ಇದನ್ನು ಅರಿತಿದ್ದರು.

ಆದರೆ ಈ ಮಾಳಿಗೆ ಬಿಟ್ಟುಬಿಟ್ಟು ಬರುವ ಮಳೆಗೆ ಹೇಳಿಸಿದ್ದು. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಮತ್ತೆ 2020ರ ಅಕ್ಟೋಬರಿನಲ್ಲಿ ಸುರಿದಂಥ ಮಳೆಯನ್ನು ಅದು ತಾಳಲಾರದು. 2020ರಲ್ಲಿ ಭೀಮೆ ಉಕ್ಕಿದ್ದು ಎಲ್ಲರಿಗೂ ತಿಳಿಯಿತು. ನದಿಯಿಂದ ದೂರದ ಮನೆಗಳ ಸೋರಿಕೆಯನ್ನು ಕೇಳುವವರು ವಿರಳ. ಅದೇ ಹೊತ್ತು ಹಿಂಗಾರಿ ಜೋಳದ ಬಿತ್ತನೆಯ ಕಾಲ. ಬೀಜ ಇನ್ನೂ ಮನೆಯೊಳಗಿರುತ್ತದೆ.

ನೆನೆದ ಬೀಜದಲ್ಲಿ ಉಸಿರಾಟ ಹೆಚ್ಚಿ ಚೀಲ ಬಿಸಿಯಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹರವಿದ ಮೇಲೆ ಕಾಳು ಚೊಕ್ಕಟವಾಗಿಯೇ ಕಂಡೀತು. ಒಳಗಿನ ಮೊಳಕೆ ಸತ್ತಿರಬಹುದು. ಆದ್ದರಿಂದ ನೋಟವನ್ನು ನಂಬದೆ, ಚೀಲದ ಬೇರೆ ಬೇರೆ ಕಡೆಯಿಂದ 100 ಕಾಳು ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ನಾಲ್ಕನೆಯ ದಿನದಿಂದ ಹತ್ತನೆಯ ದಿನದವರೆಗೆ ಮೊಳಕೆ ಎಣಿಸಬೇಕು. ಪ್ರಮಾಣಿತ ಜೋಳದ ಬೀಜಕ್ಕೆ ಕನಿಷ್ಠ 75 ಮೊಳೆಯಬೇಕೆಂಬ ನಿಯಮವಿದೆ. ತೀರ ಕಡಿಮೆಯಾದರೆ ನೆರೆಯವರಲ್ಲಿ ಬೀಜ ಕೇಳುವುದೇ ಲೇಸು. ಅದಕ್ಕಾಗಿಯೇ ಮನೆತನದ ತಳಿಯನ್ನು ಎರಡು ಮನೆಗಳಲ್ಲಿಡಿ ಎಂದು ನಾನು ಒತ್ತಾಯಿಸುತ್ತೇನೆ.