ನೋಡಿಕೊಳ್ಳುವವರನ್ನು ಯಾರು ನೋಡಿಕೊಳ್ಳಬೇಕು?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಪೋಷಕರ ಪರವಾಗಿ ಒಬ್ಬ ತಾಯಿ ಆಡಿದ ಮಾತುಗಳು)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ತಪ್ಪಿದ್ದರೆ ಕ್ಷಮಿಸಿ. ನನ್ನ ಮಗಳು ಪಿಯುಸಿ ಮುಗಿಸಿ ಈ ವರ್ಷ ನರ್ಸಿಂಗ್‌ಗೆ ಸೇರಿದ್ದಾಳೆ. ಅವಳ ಫೀಸಿನಲ್ಲಿ ನಿಮ್ಮ ಹಣವಿದೆ, ಅದನ್ನು ನಾವು ಮರೆಯುವುದಿಲ್ಲ. ಆದರೆ ನಾನು ಹೇಳಬೇಕಾಗಿರುವುದು ಅವಳ ತಮ್ಮನ ವಿಷಯ.

ಅವನಿಗೆ 17 ವರ್ಷ. ಸೆರೆಬ್ರಲ್ ಪಾಲ್ಸಿ ಇದೆ. ನಡೆಯಲಾರ. ಅವನ ಮಾತು ಮನೆಯವರಿಗೆ ಮಾತ್ರ ತಿಳಿಯುತ್ತದೆ. ಅವನ ಅಬ್ಬಾ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದಾರೆ, ಬೆಳಗಿನ ಜಾವವೇ ಹೊರಡುತ್ತಾರೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಸ್ನಾನ, ಊಟ, ಬಟ್ಟೆ, ರಾತ್ರಿ ಮಗ್ಗಲು ಬದಲಿಸುವುದು ಎಲ್ಲ ನನ್ನದೇ. ಚಿಕ್ಕವನಿದ್ದಾಗ ಕಷ್ಟವೆನಿಸಲಿಲ್ಲ. ಅವನು ಬೆಳೆದ, ನನ್ನ ಸೊಂಟ ಸೋತಿತು.

ಮಗಳು ಪ್ರಥಮ ಪಿಯುಸಿಯಲ್ಲಿದ್ದಾಗ ಕಾಲೇಜಿನಿಂದ ಕರೆ ಬಂತು. ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ನಾನು ನೋವೆಂದು ಮಲಗಿದ ದಿನಗಳಲ್ಲೆಲ್ಲ ಅವಳು ‘ಇವತ್ತು ಕ್ಲಾಸಿಲ್ಲ ಅಮ್ಮಿ’ ಎಂದು ಹೇಳಿ ತಮ್ಮನನ್ನು ಎತ್ತಲು ಉಳಿದುಬಿಟ್ಟಿದ್ದಳು. ನಾನು ನಂಬಿದ್ದೆ. ನಂಬುವುದು ನನಗೂ ಅನುಕೂಲವಾಗಿತ್ತು, ಸುಳ್ಳೇಕೆ ಹೇಳಲಿ. ಫೀಸು ನೀವು ಕಟ್ಟಿದ್ದಿರಿ, ಹುಡುಗಿ ಕ್ಲಾಸಿನಲ್ಲಿರಲಿಲ್ಲ.

‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಓಣಿಯವರು ಎಷ್ಟೋ ಸಲ ಕೇಳಿದ್ದರು. ಏನೂ ಬೇಡ ಎನ್ನುತ್ತಿದ್ದೆ. ಮಗನನ್ನು ಹೊರೆ ಎಂದುಕೊಂಡಾರು ಎಂಬ ಭಯ. ಆ ಸಂಜೆ ಪಕ್ಕದ ಮನೆಗೆ ಹೋಗಿ, ‘ಆಪಾ, ದಿನಾ ಬೆಳಿಗ್ಗೆ ಎಂಟೂವರೆಗೆ ನಿಮ್ಮ ಮಗನನ್ನು ಹತ್ತು ನಿಮಿಷ ಕಳಿಸ್ತೀರಾ? ಇವನನ್ನು ಎತ್ತಿ ವೀಲ್‌ಚೇರಿನಲ್ಲಿ ಕೂರಿಸಬೇಕು’ ಎಂದೆ. ‘ಇಷ್ಟೇನಾ? ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ’ ಎಂದು ಅವರು ನನ್ನನ್ನೇ ಬೈದರು. ಮರುದಿನದಿಂದ ಹುಡುಗ ಬಂದ. ಮಂಗಳವಾರ ಮಧ್ಯಾಹ್ನ ಆಪಾ ತಾವೇ ಬಂದು ಎರಡು ಗಂಟೆ ಕೂರುತ್ತಾರೆ. ಮೊದಲ ಮಂಗಳವಾರ ನಾನು ಎಲ್ಲಿಗೂ ಹೋಗಲಿಲ್ಲ, ಒಳಗೆ ಮಲಗಿ ನಿದ್ದೆ ಮಾಡಿದೆ.

ಆಮೇಲಿನ ಮಂಗಳವಾರಗಳಲ್ಲಿ ಕಚೇರಿಗಳಿಗೆ ಅಲೆದೆ. ಒಂದು ಕಡೆ, ಲಿಫ್ಟಿಲ್ಲದ ಮಹಡಿಗೆ ಮಗನನ್ನೇ ಕರೆತನ್ನಿ ಎಂದರು. ಅದು ಹೋಗಲಿ. ಇಲ್ಲಿರುವ ತಾಯಂದಿರು ಇಷ್ಟು ಬರೆದುಕೊಳ್ಳಿ: ಮೊದಲು ಯುಡಿಐಡಿ ಕಾರ್ಡ್ ಮಾಡಿಸಿ, ಮುಂದಿನದಕ್ಕೆಲ್ಲ ಅದನ್ನೇ ಕೇಳುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಿದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿಯೂ ಅದರಲ್ಲಿ ಸೇರಿದೆ. ಸೆರೆಬ್ರಲ್ ಪಾಲ್ಸಿಯಂಥ ಕೆಲವು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಎಂದು 2024ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾಗಿದೆ. ವಿಕಲಚೇತನರ ಇಲಾಖೆಯಲ್ಲಿ ವಿಚಾರಿಸಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಇನ್ನೊಂದು ನನಗೆ ತಡವಾಗಿ ತಿಳಿಯಿತು. ಮಗುವಿಗೆ 18 ತುಂಬಿದರೆ ಕಾನೂನಿನ ಕಣ್ಣಿಗೆ ನಾವು ಅವನ ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿ ಡಿಸಿಯವರ ಸಮಿತಿಯಿದೆ, ಪೋಷಕತ್ವಕ್ಕೆ ಅಲ್ಲಿ ಅರ್ಜಿ ಹಾಕಬೇಕು. ಬರುವ ವರ್ಷ ನಮ್ಮ ಸರದಿ. ನಮ್ಮ ನಂತರ ಯಾರು ಎಂದು ಮಾತು ಬಂದಾಗ ಮಗಳು ‘ನಾನಿದ್ದೀನಲ್ಲ’ ಎಂದಳು. ಅವಳೊಬ್ಬಳ ಮೇಲೆ ಹಾಕಲು ನನಗೆ ಮನಸ್ಸಿಲ್ಲ.

ಟ್ರಸ್ಟಿನವರಲ್ಲಿ ಒಂದು ಬೇಡಿಕೆ. ನಿಮ್ಮ ಅರ್ಜಿಯಲ್ಲಿ ಅಂಕ, ಆದಾಯ ಕೇಳುತ್ತೀರಿ. ಮನೆಯಲ್ಲಿ ಹಾಸಿಗೆ ಹಿಡಿದವರು, ಅಂಗವಿಕಲರು ಇದ್ದಾರೆಯೇ, ಅವರನ್ನು ನೋಡಿಕೊಳ್ಳುವವರು ಯಾರು ಎಂದೂ ಒಂದು ಸಾಲು ಕೇಳಿ. ಹಾಗೆ ಬರೆದುಕೊಟ್ಟವರ ಮನೆಗೆ ನಾನು ಹೋಗಿ ಬರುತ್ತೇನೆ. ಮಂಗಳವಾರ ಮಧ್ಯಾಹ್ನ ನನಗೆ ಬಿಡುವಿದೆ.