ಕೊಳ್ಳುವ ಮುಂಚೆ ಗುರುತು ನೋಡಿ

(ಭೇರ್ಯದ ಕಲಿಕಾ ಕೇಂದ್ರದಲ್ಲಿ ಶಿಕ್ಷಕಿಯೊಬ್ಬರು ಆಡಿದ ಮಾತು)



ರಾಗಿ ಕೊಳ್ಳುವಾಗ ನೀವು ಏನು ಮಾಡ್ತೀರಿ? ಅಂಗೈಗೆ ಹಾಕಿಕೊಂಡು ಊದಿ ನೋಡ್ತೀರಿ. ಮಡಕೆ ಕೊಳ್ಳುವಾಗ? ಬೆರಳಿನಿಂದ ತಟ್ಟಿ ಸದ್ದು ಕೇಳ್ತೀರಿ. ಸೀರೆಯಾದರೆ ಅಂಚು ಹಿಡಿದು ಎಳೆದು ನೋಡ್ತೀರಿ. ಆದರೆ ಕರೆಂಟಿನ ಸಾಮಾನು ಕೊಳ್ಳುವಾಗ ಏನು ನೋಡ್ತೀರಿ? ಬೆಲೆ ಒಂದನ್ನೇ ಅಲ್ಲವೇ?

ನಮ್ಮ ಅವ್ವನೂ ಹಾಗೇ ಮಾಡಿದಳು. ಆ ಕತೆ ಹೇಳುತ್ತೇನೆ, ಕೇಳಿ.

ಒಂದು ದಿನ ಬೀದಿಯಲ್ಲಿ ಒಬ್ಬ ಸಾಮಾನು ಮಾರಿಕೊಂಡು ಬಂದ. ನೀರು ಕಾಯಿಸುವ ಕಾಯಿಲು ತೋರಿಸಿದ. “ಫಾರಿನ್ ಮಾಲು ಕಣಮ್ಮ, ಅಂಗಡೀಲಿ ಇದರ ಎರಡರಷ್ಟು ಬೆಲೆ” ಅಂದ. ಅವ್ವನಿಗೆ ಒಲೆ ಊದಿ ಊದಿ ಸಾಕಾಗಿತ್ತು. ಕೊಂಡುಬಿಟ್ಟಳು. ಬಿಲ್ಲು ಇಲ್ಲ, ಚೀಟಿ ಇಲ್ಲ.

ಧನುರ್ಮಾಸದ ಚಳಿ. ಬೆಳಗಿನ ಜಾವ ಅವ್ವ ತಗಡಿನ ಬಕೆಟ್ಟಿಗೆ ಕಾಯಿಲು ಹಾಕಿದಳು. ನೀರು ಬಿಸಿಯಾಯಿತೇ ಅಂತ ಬೆರಳು ಅದ್ದಿದಳು. ಒಂದೇ ಏಟು! ಬಚ್ಚಲಲ್ಲಿ ಹಿಂದಕ್ಕೆ ಬಿದ್ದಳು. ಕೈ ಬಿಟ್ಟುಕೊಂಡದ್ದರಿಂದ ಅವ್ವ ಉಳಿದಳು. ಕೈ ಅಲ್ಲೇ ಹಿಡಿದುಕೊಂಡಿದ್ದರೆ ಇವತ್ತು ನಮಗೆ ಅವ್ವ ಇರುತ್ತಿರಲಿಲ್ಲ.

ಆಮೇಲೆ ವೈರಿಂಗ್ ಕೆಲಸದ ಹುಡುಗ ಬಂದು ಪ್ಲಗ್ಗು ಬಿಚ್ಚಿದ. ಹೊರಗೆ ಮೂರು ಪಿನ್ನು ಇತ್ತು. ಒಳಗೆ ಎರಡೇ ವೈರು! ಮೇಲಿನ ದಪ್ಪ ಪಿನ್ನಿಗೆ ಏನನ್ನೂ ಸೇರಿಸಿರಲಿಲ್ಲ. ಬರೀ ತೋರಿಕೆಗೆ ಇತ್ತು.

ಆ ದಪ್ಪ ಪಿನ್ನು ಯಾತಕ್ಕೆ ಗೊತ್ತೇ? ಅದು ಅರ್ಥಿಂಗ್ ಪಿನ್ನು. ಸಾಮಾನಿನ ಲೋಹಕ್ಕೆ ಕರೆಂಟು ಸೋರಿದರೆ ಅದನ್ನು ಭೂಮಿಗೆ ಇಳಿಸುವ ದಾರಿ ಅದು. ಆ ದಾರಿ ಇಲ್ಲದಿದ್ದರೆ ಕರೆಂಟು ನಮ್ಮ ಮೈಯ ಮೂಲಕ ಭೂಮಿಗೆ ಇಳಿಯುತ್ತದೆ. ಮೈ ಒದ್ದೆಯಾಗಿದ್ದರೆ ಇನ್ನೂ ಸಲೀಸು.

“ಮನೇಲಿ ಫ್ಯೂಸ್ ಇದೆಯಲ್ಲ ಟೀಚರಮ್ಮ” ಅಂತ ಕೇಳಬಹುದು. ಫ್ಯೂಸ್ ಹೋಗುವುದಕ್ಕೆ ಹಲವು ಆಂಪಿಯರ್ ಕರೆಂಟು ಬೇಕು. ಮನುಷ್ಯರ ಪ್ರಾಣಕ್ಕೆ ಅಪಾಯ ಆಗಲು ಒಂದು ಆಂಪಿಯರಿನ ನೂರರಲ್ಲಿ ಮೂರು ಭಾಗ ಸಾಕು. ಫ್ಯೂಸ್ ಕಾಯುವುದು ವೈರನ್ನು. ನಮ್ಮನ್ನಲ್ಲ. ನಮ್ಮನ್ನು ಕಾಯುವುದಕ್ಕೆ ಆರ್.ಸಿ.ಸಿ.ಬಿ. ಎಂಬ ಬೇರೆ ಸ್ವಿಚ್ಚಿದೆ. ಸ್ವಲ್ಪ ಕರೆಂಟು ಸೋರಿದರೂ ಅದು ತಟ್ಟನೆ ಲೈನು ಕಡಿಯುತ್ತದೆ. ಮನೆಗೆ ವೈರಿಂಗ್ ಮಾಡಿಸುವಾಗ ಕೇಳಿ ಹಾಕಿಸಿ.

ಹಾಗಾದರೆ ಹೊರದೇಶದ ಸಾಮಾನೆಲ್ಲ ಕೆಟ್ಟದ್ದೇ? ಅಲ್ಲ. ಚುಂಚನಕಟ್ಟೆಯಲ್ಲಿ ಧುಮುಕುವ ನಮ್ಮ ಕಾವೇರಿಯೇ ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಅಲ್ಲಿ 1902ರಲ್ಲಿ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆ ಯಂತ್ರಗಳು ಬಂದದ್ದು ಹೊರದೇಶದಿಂದಲೇ. ಚೆನ್ನಾಗಿ ಮಾಡಿದ್ದು ಎಲ್ಲಿಂದ ಬಂದರೂ ಚೆನ್ನ. ಪರೀಕ್ಷೆ ಆಗದೆ ಬಂದದ್ದೇ ಅಪಾಯ. ನಮ್ಮ ಕರೆಂಟು 230 ವೋಲ್ಟ್. ಅಮೆರಿಕದಲ್ಲಿ 120 ವೋಲ್ಟ್. ಅಲ್ಲಿಗೆಂದೇ ಮಾಡಿದ ಸಾಮಾನನ್ನು ಇಲ್ಲಿ ಹಾಕಿದರೆ ಸುಟ್ಟು ಹೋಗಬಹುದು.

ಈಗ ನಿಮ್ಮ ಓದು ಕೆಲಸಕ್ಕೆ ಬರುವ ಜಾಗಕ್ಕೆ ಬಂದೆವು.

ನೀರು ಕಾಯಿಸುವ ಕಾಯಿಲು, ಇಸ್ತ್ರಿ ಪೆಟ್ಟಿಗೆ, ಕರೆಂಟು ಒಲೆ, ವೈರು, ಸ್ವಿಚ್ಚು ಇವಕ್ಕೆಲ್ಲ ಐ.ಎಸ್.ಐ. ಗುರುತು ಇರಲೇಬೇಕು ಎಂದು ಕೇಂದ್ರ ಸರ್ಕಾರ 2003ರಲ್ಲೇ ಆದೇಶ ಮಾಡಿದೆ. ಹೊರದೇಶದಿಂದ ಬಂದ ಮಾಲಿಗೂ ಇದೇ ಕಟ್ಟಳೆ. ಗುರುತಿನ ಮೇಲ್ಗಡೆ ಒಂದು ಸಂಖ್ಯೆ ಇರುತ್ತದೆ. ಕಾಯಿಲಿಗೆ 368. ಇಸ್ತ್ರಿ ಪೆಟ್ಟಿಗೆಗೆ 366. ಗುರುತಿನ ಕೆಳಗಡೆ ಲೈಸೆನ್ಸ್ ಸಂಖ್ಯೆ ಇರುತ್ತದೆ. ಮೊಬೈಲ್ ಚಾರ್ಜರಿನ ಮೇಲೆ ‘ಆರ್’ ಎಂಬ ಇಂಗ್ಲಿಷ್ ಅಕ್ಷರ, ಅದರ ಮುಂದೆ ಎಂಟು ಅಂಕಿ ಇರುತ್ತದೆ.

ಇಂಗ್ಲಿಷ್ ಬರುವುದಿಲ್ಲ ಅಂತ ಹೆದರಬೇಡಿ. ಬಸ್ಸಿನ ನಂಬರು ಓದುವ ನಿಮಗೆ 368 ಓದುವುದು ಕಷ್ಟವೇ? ಕಳ್ಳ ಗುರುತು ಒತ್ತುವವರೂ ಇದ್ದಾರೆ. ಅನುಮಾನ ಬಂದರೆ ಮಕ್ಕಳ ಫೋನಿನಲ್ಲಿ ‘ಬಿ.ಐ.ಎಸ್. ಕೇರ್’ ಆ್ಯಪ್ ತೆಗೆಸಿ. ಲೈಸೆನ್ಸ್ ಸಂಖ್ಯೆ ಒತ್ತಿಸಿ. ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಬಿಲ್ಲು ಕೇಳಿ ಪಡೆಯಿರಿ. ಬಿಲ್ಲು ಕೇಳುವುದು ಜಗಳವಲ್ಲ, ಹಕ್ಕು. ಮೋಸವಾದರೆ 1915ಕ್ಕೆ ಫೋನು ಮಾಡಿ. ಅದು ಗ್ರಾಹಕರ ಸಹಾಯವಾಣಿ.

“ಅಷ್ಟು ಕಾಸಿಲ್ಲವಲ್ಲ ಟೀಚರಮ್ಮ, ಏನು ಮಾಡೋಣ?” ಅನ್ನುವ ಅಕ್ಕಂದಿರಿದ್ದಾರೆ. ಸರಿಯಾದ ಮಾತು. ಕಾಸು ಕೂಡುವ ತನಕ ಹಂಡೆ ಒಲೆಯೇ ಇರಲಿ. ಕಣ್ಣು ಉರಿಯಬಹುದು, ಆದರೆ ಮುಟ್ಟಿದ ಕೂಡಲೇ ಶಾಕ್ ಹೊಡೆಯುವುದಿಲ್ಲ.

ಒಳ್ಳೆಯ ಕಾಯಿಲು ತಂದರೂ ಹುಷಾರು ತಪ್ಪಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಹಾಕಿ. ಮೊದಲು ನೀರಿಗೆ ಇಳಿಸಿ, ಆಮೇಲೆ ಸ್ವಿಚ್ಚು ಹಾಕಿ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರು ಮುಟ್ಟಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಯಾರಿಗಾದರೂ ಕರೆಂಟು ಹಿಡಿದರೆ ಓಡಿಹೋಗಿ ಮುಟ್ಟಬೇಡಿ. ಕರುಳು ಚುರ್ ಅನ್ನುತ್ತದೆ, ನಿಜ. ಆದರೆ ಮುಟ್ಟಿದರೆ ಒಂದು ಜೀವದ ಜೊತೆ ಎರಡನೆಯದೂ ಹೋಗುತ್ತದೆ. ಮೊದಲು ಮೇನ್ ಸ್ವಿಚ್ಚು ಆರಿಸಿ. ಅದು ಸಿಗದಿದ್ದರೆ ಒಣ ಮರದ ಕೋಲಿನಿಂದ ವೈರು ದೂರ ತಳ್ಳಿ. 108ಕ್ಕೆ ಫೋನು ಮಾಡಿಸಿ.

ನಮ್ಮ ಅವ್ವನಿಗೆ ಆಗ ಓದು ಬರುತ್ತಿರಲಿಲ್ಲ. ಗುರುತು ಇದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಓದು ಬರುತ್ತಿದ್ದ ನಾನೂ ನೋಡಲಿಲ್ಲ. ಆ ನೋವು ನನಗೆ ಇನ್ನೂ ಇದೆ. ಅದಕ್ಕೇ ನಿಮಗೆ ಇಷ್ಟು ಹೇಳಿದೆ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಕರೆಂಟು ಸಾಮಾನಿನ ಪ್ಲಗ್ಗು ಕಿತ್ತು, ಸಾಮಾನು ತಣ್ಣಗಾದ ಮೇಲೆ ತಿರುಗಿಸಿ ನೋಡಿ. ಗುರುತು ಇದೆಯೇ? ಸಂಖ್ಯೆ ಎಷ್ಟು? ನಿಮ್ಮ ಪುಸ್ತಕದಲ್ಲಿ ಬರೆದುಕೊಂಡು ನಾಳೆ ತನ್ನಿ. ಎಲ್ಲರೂ ಸೇರಿ ಓದೋಣ.