ಹುಟ್ಟಿನ ಗುರುತು, ಪೆಟ್ಟಿನ ಗುರುತು: ಜೋಡಿ ಅಚ್ಚಿನ ನಾಣ್ಯಗಳ ವಿಚಾರ

(ಕೊಂಢವಾದಲ್ಲಿ ಸೇರಿದ್ದ ಪುಣೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಾಣ್ಯಗಳ ಬಗ್ಗೆ ಮಾತೆಂದರೆ ಹೊಯ್ಸಳರ ಗದ್ಯಾಣ, ವಿಜಯನಗರದ ವರಹ, ಲಕ್ಕುಂಡಿಯ ಟಂಕಸಾಲೆ ಇವುಗಳ ಸ್ಮರಣೆಯೆಂಬುದು ನಮ್ಮ ಸಭೆಗಳ ರೂಢಿ. ಆ ಸ್ಮರಣೆ ಬೇಕಾದದ್ದೇ. ಆದರೆ ಇಂದು ನಾನು ಆರಿಸಿಕೊಂಡಿರುವುದು ನಮ್ಮ ನಿಮ್ಮ ಕಿಸೆಯಲ್ಲಿರುವ ಒಂದು, ಎರಡು, ಐದು ರೂಪಾಯಿಗಳ ವಿಷಯವನ್ನು. ಇತ್ತೀಚಿನ ವರ್ಷಗಳಲ್ಲಿ 'ಡಬಲ್ ಡೈ' ಎಂಬ ಹೆಸರಿನಲ್ಲಿ ಅಕ್ಷರಗಳು ಎರಡೆರಡಾಗಿ ಕಾಣುವ ನಾಣ್ಯಗಳ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಅವುಗಳಿಗೆ ಸಾವಿರ, ಲಕ್ಷ ರೂಪಾಯಿ ಬೆಲೆಯೆಂದು ನಂಬಿ ಕೊಳ್ಳುವವರಿದ್ದಾರೆ. ಮಾರಲು ಹೋಗಿ ಕೈಯಲ್ಲಿದ್ದ ಹಣವನ್ನೂ ಕಳೆದುಕೊಳ್ಳುವವರಿದ್ದಾರೆ. ಇವರಲ್ಲಿ ನಿವೃತ್ತಿಯ ಹಣವನ್ನೇ ನೆಚ್ಚಿಕೊಂಡ ಹಿರಿಯರೂ ಸೇರಿದ್ದಾರೆಂಬುದು ಚಿಂತೆಯ ಸಂಗತಿ.

ಎರಡಾಗಿ ಕಾಣುವುದೆಲ್ಲ ಜೋಡಿ ಅಚ್ಚಲ್ಲ. ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಇಮ್ಮಡಿ ಉಂಟಾದದ್ದು ಯಾವಾಗ? ನಾಣ್ಯ ಹುಟ್ಟುವುದಕ್ಕೆ ಮೊದಲು ಅಚ್ಚಿನಲ್ಲಿಯೋ, ಇಲ್ಲವೇ ಹುಟ್ಟುವ ಕ್ಷಣದ ಪೆಟ್ಟಿನಲ್ಲಿಯೋ?

ಇದನ್ನು ತಿಳಿಯಲು ಅಚ್ಚು ತಯಾರಾಗುವ ಬಗೆಯನ್ನು ಸ್ವಲ್ಪ ನೋಡಬೇಕು. ನಾಣ್ಯದ ಮೇಲಿನ ಚಿತ್ರ, ಅಕ್ಷರಗಳು ಉಬ್ಬಾಗಿರುತ್ತವೆ; ಅವನ್ನು ಒತ್ತುವ ಡೈನಲ್ಲಿ ಅವು ತಗ್ಗಾಗಿರುತ್ತವೆ. ಆ ಡೈಗೆ ರೂಪ ಕೊಡುವುದು ಹಬ್ ಎಂದು ಕರೆಯುವ ಇನ್ನೊಂದು ಉಕ್ಕಿನ ಉಬ್ಬಚ್ಚು. ಹಿಂದಿನ ಕ್ರಮದಲ್ಲಿ ಹಬ್ಬನ್ನು ಡೈನ ಉಕ್ಕಿನ ಮೇಲೆ ಒಮ್ಮೆ ಒತ್ತಿದರೆ ರೂಪವು ಪೂರ್ಣವಾಗಿ ಇಳಿಯುತ್ತಿರಲಿಲ್ಲ. ಒತ್ತಡದಿಂದ ಗಡುಸಾದ ಉಕ್ಕನ್ನು ಕಾಯಿಸಿ ಮೆದುವಾಗಿಸಿ, ಮತ್ತೆ ಅದೇ ಜಾಗದಲ್ಲಿ ಒತ್ತಬೇಕಾಗಿತ್ತು. ಎರಡನೆಯ ಸಲ ಹಬ್ಬು ಕೂದಲೆಳೆಯಷ್ಟು ತಿರುಗಿ ಕುಳಿತರೂ ಡೈನಲ್ಲಿ ಎರಡು ರೂಪಗಳು ಬೀಳುತ್ತವೆ. ಅನಂತರ ಆ ಡೈಯಿಂದ ಹೊರಬೀಳುವ ಪ್ರತಿಯೊಂದು ನಾಣ್ಯವೂ ಅದೇ ಇಮ್ಮಡಿಯನ್ನು, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಹೊತ್ತು ಬರುತ್ತದೆ. ಇದು ನಿಜವಾದ ಜೋಡಿ ಅಚ್ಚು, ಹುಟ್ಟಿನ ಗುರುತು.

ಇನ್ನೊಂದು ಬಗೆ ಯಂತ್ರದ ಅಲುಗಾಟದ್ದು. ಡೈ ಸರಿಯಾಗಿಯೇ ಇರುತ್ತದೆ. ಆದರೆ ಯಂತ್ರದಲ್ಲಿ ಸ್ವಲ್ಪ ಸಡಿಲವಾಗಿ ಕುಳಿತಿರುತ್ತದೆ. ಬಿಲ್ಲೆಯ ಮೇಲೆ ಪೆಟ್ಟು ಬಿದ್ದ ಮರುಕ್ಷಣವೇ ಅದು ಪುಟಿದು ಅಥವಾ ಹೊರಳಿ, ಆಗತಾನೇ ಮೂಡಿದ ಅಕ್ಷರದ ಪಕ್ಕೆಯನ್ನು ಒರೆಸಿಕೊಂಡು ಕೆಳಕ್ಕೆ ತಳ್ಳುತ್ತದೆ. ನಿಮಿಷಕ್ಕೆ ನೂರಾರು ನಾಣ್ಯಗಳನ್ನು ಒತ್ತುವ ಯಂತ್ರಗಳಲ್ಲಿ ಇದು ತೀರಾ ಸಾಮಾನ್ಯ. ಇದು ಪೆಟ್ಟಿನ ಗುರುತು. ಸಂಗ್ರಾಹಕರ ಪೇಟೆಯಲ್ಲಿ ಇದಕ್ಕೆ ಮುಖಬೆಲೆಗಿಂತ ಹೆಚ್ಚೇನೂ ಇಲ್ಲವೆಂದರೆ ತಪ್ಪಾಗಲಾರದು.

ನಮ್ಮ ತಲೆಮಾರಿನವರು ಮೊಳೆ ಜೋಡಿಸುತ್ತಿದ್ದ ಮುದ್ರಣಾಲಯಗಳನ್ನು ಕಂಡವರು. ಜೋಡಣೆಯಲ್ಲಿಯೇ ಒಂದಕ್ಷರ ಎರಡು ಸಲ ಕುಳಿತಿದ್ದರೆ ಅಚ್ಚಾದ ಸಾವಿರ ಪ್ರತಿಗಳಲ್ಲಿಯೂ ಆ ತಪ್ಪು ಇರುತ್ತಿತ್ತು. ಮುದ್ರಿಸುವಾಗ ಹಾಳೆ ಜರುಗಿದರೆ ಆ ಹಾಳೆಯೊಂದೇ ಮಸುಕಾಗುತ್ತಿತ್ತು. ಮುದ್ರಣಕ್ಕೂ ನಾಣ್ಯಕ್ಕೂ ಕನ್ನಡವು 'ಅಚ್ಚು' ಎಂಬ ಒಂದೇ ಮಾತನ್ನು ಬಳಸುವುದರಿಂದ ಈ ಭೇದ ನಮಗೆ ಸುಲಭವಾಗಿ ತಿಳಿಯಬೇಕು.

ಕಣ್ಣಿಗೆ ಇವೆರಡರ ವ್ಯತ್ಯಾಸ ಹೇಗೆ ಕಾಣುತ್ತದೆ? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಸಾಕು. ಬೆಳಕು ಪಕ್ಕದಿಂದ ಬೀಳಲಿ. ನಾಣ್ಯವನ್ನು ನಿಧಾನವಾಗಿ ತಿರುಗಿಸಿ ನೋಡಬೇಕು. ನಿಜವಾದ ಜೋಡಿ ಅಚ್ಚಿನಲ್ಲಿ ಎರಡನೆಯ ರೂಪವೂ ಮೊದಲನೆಯದರಂತೆಯೇ ದುಂಡಾಗಿ ಉಬ್ಬಿರುತ್ತದೆ. ಎರಡರ ನಡುವೆ ಸಣ್ಣ ಕಣಿವೆ ಇರಬಹುದು. ಅಕ್ಷರಗಳ ಮೂಲೆಗಳಲ್ಲಿ ಸೀಳಿದಂಥ ಕಚ್ಚು ಕಾಣಬಹುದು. ಒಟ್ಟಿನಲ್ಲಿ ಅಕ್ಷರವು ದಪ್ಪವಾಗುತ್ತದೆ. ಅಲುಗಾಟದ ನಾಣ್ಯದಲ್ಲಾದರೋ ಎರಡನೆಯದು ಚಪ್ಪಟೆಯಾಗಿ, ಮೆಟ್ಟಿಲಿನಂತೆ ತಗ್ಗಿನಲ್ಲಿರುತ್ತದೆ. ಹೊಸದಾಗಿ ಒರೆಸಿದ ಲೋಹವಾದ್ದರಿಂದ ಹೊಳೆಯುತ್ತಲೂ ಇರಬಹುದು. ಆ ಮೆಟ್ಟಿಲು ಅಕ್ಷರದ ಮೈಯಿಂದಲೇ ಕತ್ತರಿಸಿಕೊಂಡದ್ದು. ಆದ್ದರಿಂದ ಮೂಲ ಅಕ್ಷರವು ಸಣಕಲಾಗುತ್ತದೆ. ಜೋಡಿ ಅಚ್ಚು ಅಕ್ಷರಕ್ಕೆ ಮೈ ಕೂಡಿಸುತ್ತದೆ, ಅಲುಗಾಟವು ಮೈ ಕಳೆಯುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ನಮ್ಮ ನಾಣ್ಯಗಳಲ್ಲಿ ಇದನ್ನು ನೋಡಲು ನಾಗರಿ ಲಿಪಿಯ 'ಭಾರತ' ಎಂಬ ಮಾತಿನ ತಲೆಗೆರೆ ಅನುಕೂಲವಾದ ಸ್ಥಳ. ಆ ಗೆರೆ ತೆಳುವಾಗಿ, ಅದರ ಪಕ್ಕದಲ್ಲಿ ಒಂದು ಸಪಾಟು ಅಂಚು ಮಾತ್ರ ಇದ್ದರೆ ಅದು ಯಂತ್ರದ ಕೆಲಸ. ಎರಡು ದುಂಡನೆಯ ಗೆರೆಗಳಿದ್ದು ತುದಿಯಲ್ಲಿ ಕವಲೊಡೆದಿದ್ದರೆ ಮುಂದಿನ ಪರೀಕ್ಷೆಗೆ ಯೋಗ್ಯ. ಆ ಪರೀಕ್ಷೆಯೆಂದರೆ ಎರಡನೆಯ ಸಾಕ್ಷಿ. ಅದೇ ವರ್ಷದ, ಅದೇ ಟಂಕಸಾಲೆಯ ಮತ್ತೊಂದು ನಾಣ್ಯದಲ್ಲಿ ಅದೇ ಇಮ್ಮಡಿ ಕೂದಲೆಳೆಯ ವ್ಯತ್ಯಾಸವಿಲ್ಲದೆ ಸಿಕ್ಕಬೇಕು. ಸಡಿಲವಾದ ಯಂತ್ರದಿಂದಲೂ ಸಾಲಾಗಿ ಹಲವು ನಾಣ್ಯಗಳು ಇಮ್ಮಡಿಯಾಗಿ ಬರಬಹುದು. ಆದರೆ ಅವುಗಳಲ್ಲಿ ಅಲುಗಾಟದ ಪ್ರಮಾಣ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ.

ಈ ವಿದ್ಯೆಗೆ ಜಗತ್ಪ್ರಸಿದ್ಧ ಉದಾಹರಣೆ ಅಮೆರಿಕದ 1955ರ ಲಿಂಕನ್ ಸೆಂಟ್. ಫಿಲಡೆಲ್ಫಿಯಾ ಟಂಕಸಾಲೆಯ ಒಂದು ಡೈನಲ್ಲಿ ವರ್ಷವೂ ಅಕ್ಷರಗಳೂ ಬರಿಗಣ್ಣಿಗೆ ಕಾಣುವಂತೆ ಇಮ್ಮಡಿಯಾಗಿದ್ದವು. ತಪ್ಪು ತಿಳಿಯುವ ವೇಳೆಗೆ ಆ ನಾಣ್ಯಗಳು ಉಳಿದವುಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ಹೀಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ನಾಣ್ಯಗಳು ಚಲಾವಣೆಗೆ ಬಂದವೆಂಬುದು ಸಾಮಾನ್ಯ ಅಂದಾಜು. ಇಂದು ಅವಕ್ಕೆ ದೊಡ್ಡ ಬೆಲೆ. ಆದರೆ ಅದೇ ವರ್ಷದ ಬೇರೆ ಕೆಲವು ಸೆಂಟುಗಳಲ್ಲಿ, ಸವೆದ ಡೈನಿಂದಾಗಿ, ಕೊನೆಯ 5 ಮಾತ್ರ ಎರಡಾಗಿ ಕಾಣುತ್ತದೆ. ಅವುಗಳನ್ನು 'ಬಡವನ ಜೋಡಿ ಅಚ್ಚು' ಎಂಬ ಹೆಸರಿಟ್ಟು ಮಾರುತ್ತ ಬಂದಿದ್ದಾರೆ. ಹೆಸರು ಚಂದ, ವಸ್ತು ಮಾತ್ರ ಬೇರೆ. ನಮ್ಮ ಪೇಟೆಗಳಲ್ಲಿ ಈಗ ನಡೆಯುತ್ತಿರುವುದೂ ಇಂಥದೇ ನಾಮಕರಣ.

ಕನ್ನಡಿಗರ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಮಾತಿದೆ. ಹಳೆಯ ಮೈಸೂರು ಸೀಮೆಯಿಂದ ಬಂದ ಕುಟುಂಬಗಳ ಪೆಟ್ಟಿಗೆಗಳಲ್ಲಿ ಆನೆ ಕಾಸುಗಳು ಇಂದಿಗೂ ದೊರೆಯುವುದುಂಟು. ಟಿಪ್ಪುವಿನ ಕಾಲದವು ಇರಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 'ಮಯಿಲಿ ಕಾಸು' ಎಂದು ಕನ್ನಡ ಅಕ್ಷರಗಳಲ್ಲಿಯೇ ಒತ್ತಿದ ತಾಮ್ರದ ನಾಣ್ಯಗಳಿರಬಹುದು. ಇವುಗಳಲ್ಲಿಯೂ ಚಿತ್ರ ಎರಡಾಗಿರುವುದನ್ನು ತೋರಿಸಿ 'ಡಬಲ್ ಡೈ' ಎನ್ನುವ ವ್ಯಾಪಾರಿಗಳುಂಟು. ಆ ನಾಣ್ಯಗಳ ಅಚ್ಚನ್ನು ಕೈಯಿಂದ ಕೆತ್ತಿ, ಬಿಲ್ಲೆಯನ್ನು ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹಬ್ಬೆಂಬುದೇ ಇಲ್ಲದಿರುವಾಗ ಹಬ್ಬಿನ ತಪ್ಪು ಎಲ್ಲಿಂದ ಬಂದೀತು? ಬಿಲ್ಲೆ ಜರುಗಿ ಎರಡು ಏಟು ಬಿದ್ದದ್ದು ಅಷ್ಟೆ. ಆ ಕಾಸಿನ ಬೆಲೆ ಇರುವುದು ಅದರ ಮೇಲಿನ ಕನ್ನಡದಲ್ಲಿ, ಅದು ಹೇಳುವ ಇತಿಹಾಸದಲ್ಲಿ. ಅಂಥ ಕಾಸುಗಳನ್ನು ತೂಕದ ಲೆಕ್ಕದಲ್ಲಿ ಕೊಟ್ಟು, ಯಂತ್ರ ಅಲುಗಿದ ಒಂದು ರೂಪಾಯಿಯನ್ನು ಸಾವಿರ ತೆತ್ತು ತರುವುದು ಎಂಥ ವಿಪರ್ಯಾಸ!

ಬುಧವಾರ, ಭಾನುವಾರಗಳ ಸಂತೆಯೆಂದು ಹೆಸರಾದ ಪುಣೆಯ ಜೂನಾ ಬಜಾರದಲ್ಲಿ ಕೊಳ್ಳುವವನಿಗೆ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವಾದರೂ ಇತ್ತು. ಮೊಬೈಲಿನ ಚಿತ್ರದಲ್ಲಿ ಅದೂ ಇಲ್ಲ. ನಿಮ್ಮ ನಾಣ್ಯವನ್ನು ನಾವೇ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿರಿ, ತೆರಿಗೆ ಕಟ್ಟಿರಿ ಎಂಬ ಕರೆಗಳು ಹೆಚ್ಚಿದ್ದರಿಂದ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿತು: ಹಳೆಯ ನೋಟು, ನಾಣ್ಯಗಳ ಇಂಥ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು. ಮಾರುವವನಿಂದಲೇ ಮುಂಗಡ ಕೇಳುವ ಕೊಳ್ಳುವವನು ಕೊಳ್ಳುವವನೇ ಅಲ್ಲ.

ಹೊರನಾಡಿನಲ್ಲಿ 'ನಮ್ಮವರು' ಎಂಬ ಮಾತಿಗೆ ತೂಕ ಹೆಚ್ಚು. ಕನ್ನಡದಲ್ಲಿ ನಾಲ್ಕು ಮಾತಾಡಿದವರನ್ನು ನಾವು ಪ್ರಶ್ನಿಸಲು ಸಂಕೋಚಪಡುತ್ತೇವೆ. ಆ ಸಂಕೋಚವೇ ಕೆಲವರಿಗೆ ಬಂಡವಾಳ. ಬಂಧುತ್ವಕ್ಕೆ ಪರೀಕ್ಷೆ ವಿರೋಧವಲ್ಲ. ಹಿಂದೆ ಊರೂರಿನ ಚಿನಿವಾರರು ನೆಂಟರು ತಂದ ಹೊನ್ನನ್ನೂ ಒರೆಗಲ್ಲಿಗೆ ಉಜ್ಜಿಯೇ ತೆಗೆದುಕೊಳ್ಳುತ್ತಿದ್ದರು. ಅದರಿಂದ ನೆಂಟಸ್ತಿಕೆ ಕೆಡಲಿಲ್ಲ.

ಆದಕಾರಣ ಸಂಘದ ಮುಂದೆ ನನ್ನದೊಂದು ಸಣ್ಣ ಸೂಚನೆ. ಮುಂದಿನ ರಾಜ್ಯೋತ್ಸವದ ವೇಳೆಗೆ ಒಂದು ಮೇಜು, ಎರಡು ಭೂತಗನ್ನಡಿ, ಒಂದು ದೀಪ ಇಷ್ಟನ್ನು ಒದಗಿಸೋಣ. ಮನೆಮನೆಯ ಹಳೆಯ ನಾಣ್ಯಗಳು ಬರಲಿ. ಹುಣಿಸೆಹಣ್ಣು, ಪುಡಿ ಹಚ್ಚಿ ಉಜ್ಜದೆ, ಇದ್ದಂತೆಯೇ ತರಲಿ. ಉಜ್ಜಿದ ನಾಣ್ಯ ತನ್ನ ಬೆಲೆಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಮಕ್ಕಳು ತಾವೇ ನೋಡಿ, ಹುಟ್ಟಿನ ಗುರುತು ಯಾವುದು, ಪೆಟ್ಟಿನ ಗುರುತು ಯಾವುದು ಎಂದು ಹೇಳಲಿ. ಅಲ್ಲಿ ಮುಮ್ಮಡಿಯವರ ಒಂದು ಕಾಸು ಸಿಕ್ಕಿ, ಅದರ ಮೇಲಿನ ಕನ್ನಡವನ್ನು ಪುಣೆಯಲ್ಲಿ ಹುಟ್ಟಿದ ಮಗುವೊಂದು ಅಕ್ಷರ ಕೂಡಿಸಿ ಓದಿದರೆ, ಅದಕ್ಕಿಂತ ಹೆಚ್ಚಿನ ಬೆಲೆಯನ್ನು ನಾನಂತೂ ಆ ಕಾಸಿಗೆ ಕಟ್ಟಲಾರೆ.